ಅಮ್ಮನಿಗೆ ಕ್ಯಾನ್ಸರ್ ಅಂತ ಮಗುವಿಗೆ ಹೇಳುವುದು ಹೇಗೆ?

ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಕ್ಯಾನ್ಸರ್ ಅಂತ ಗೊತ್ತಾದ ಕೂಡಲೇ ದೊಡ್ಡವರು ಮಾಡುವ ಮೊದಲ ಕೆಲಸ ಮಕ್ಕಳನ್ನು ಅಜ್ಜಿ ಮನೆಗೆ ಸಾಗಿಸುವುದು. ಎರಡನೆಯದು ಅಡುಗೆಮನೆಯಲ್ಲಿ ಪಿಸುಗುಡುವುದು. ಕಿಮೊ ಅಂದರೆ ಕ್ಯಾನ್ಸರಿಗೆ ಔಷಧಿ ಹಾಕುವ ವಾರ್ಡಿನ ಹೊರಗೆ ಇಂಥ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ‘ಮಗೂಗೆ ಏನೂ ಗೊತ್ತಿಲ್ಲ ಮೇಡಂ’ ಅಂತ ಅವರು ಹೇಳುತ್ತಿರುವಾಗಲೇ ಆ ಮಗು ಪಕ್ಕದ ಬೆಂಚಿನಲ್ಲಿ ಕೂತು ಫೈಲಿನ ಮೇಲಿರುವುದನ್ನು ಅಕ್ಷರ ಕೂಡಿಸಿ ಓದುತ್ತಿರುತ್ತದೆ. 1973ರಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇರುವ ಬೆಂಗಳೂರಲ್ಲಂತೂ ‘ಕಿದ್ವಾಯಿಗೆ ಹೋಗಿದ್ರು’ ಅಂದರೆ ಏನು ಅಂತ ಓಣಿಯ ಹುಡುಗರಿಗೂ ಗೊತ್ತು.

ಮೊದಲು ಗಂಡ ಹೆಂಡತಿ ಕೂತು, ಏನು ಹೇಳಬೇಕು ಅಂತ ಒಂದೇ ಮಾತಿಗೆ ಬನ್ನಿ. ಹೇಳುವುದು ಕಾಯಿಲೆ ಬಂದವರೇ ಆಗಿರಲಿ, ಅತ್ತೆ ನಾದಿನಿಯರಿಗೆ ಬಿಡಬೇಡಿ. ರಾತ್ರಿ ಮಲಗುವ ಹೊತ್ತು ಬೇಡ. ಅವರೆಕಾಯಿ ಬಿಡಿಸುತ್ತಲೋ ಬಟ್ಟೆ ಮಡಿಸುತ್ತಲೋ ಹೇಳಿ, ಕೈಗೆ ಕೆಲಸ ಇದ್ದರೆ ಮಕ್ಕಳು ಜಾಸ್ತಿ ಮಾತಾಡುತ್ತಾರೆ.

ಕಾಯಿಲೆಯ ಹೆಸರು ಹೇಳಿ. ‘ಸುಮ್ನೆ ಜ್ವರ’ ಅಂದರೆ ನಾಳೆ ತನಗೆ ಜ್ವರ ಬಂದಾಗ ಮಗು ನಡುಗುತ್ತದೆ. ಇಷ್ಟು ಸಾಕು: ‘ನಂಗೆ ಎದೇಲಿ ಗಡ್ಡೆ ಆಗಿದೆ. ಅದಕ್ಕೆ ಕ್ಯಾನ್ಸರ್ ಅಂತಾರೆ. ಮೂರು ವಾರಕ್ಕೊಂದು ಸಲ ಆಸ್ಪತ್ರೇಲಿ ಔಷಧಿ ಹಾಕ್ತಾರೆ. ಆವತ್ತು ನಿನ್ನ ಸ್ಕೂಲಿಂದ ಚಿಕ್ಕಪ್ಪ ಕರ್ಕೊಂಡು ಬರ್ತಾನೆ.’ ಆಮೇಲೆ ಬಾಯಿ ಮುಚ್ಚಿಕೊಂಡಿರಿ. ಐದು ವರ್ಷದ ಮಗುವಿಗೆ ಚಿಕ್ಕಪ್ಪನ ವಿಷಯವೇ ದೊಡ್ಡದು. ಹದಿನಾಲ್ಕರ ಹುಡುಗಿ ಆಗಲೇ ಗೂಗಲ್ ನೋಡಿರುತ್ತಾಳೆ. ‘ಓದಿದ್ದನ್ನ ನನ್ನ ಹತ್ರಾನೇ ಕೇಳು’ ಅನ್ನಿ. ಕಾರ್ಟೂನ್ ವಿಡಿಯೊ ಹಾಕಿ ಫೋನ್ ಕೈಗೆ ಕೊಟ್ಟು ಎದ್ದು ಹೋಗುವವರಿದ್ದಾರೆ. ಅದು ಹೇಳಿದ ಹಾಗಲ್ಲ.

ಮಗು ಕೇಳದಿದ್ದರೂ ಎರಡು ಮಾತು ಹೇಳಲೇಬೇಕು. ಇದು ಅಂಟುವ ಕಾಯಿಲೆ ಅಲ್ಲ, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಮತ್ತೆ, ನಿನ್ನಿಂದ ಇದು ಬಂದಿಲ್ಲ. ಇದೇನು ಹೇಳೋದು ಅಂತ ನಿಮಗನಿಸಬಹುದು. ಆದರೆ ‘ನಿನ್ನ ಕಾಟಕ್ಕೇ ಅಮ್ಮ ಹಾಸಿಗೆ ಹಿಡಿದಳು’ ಅಂತ ಯಾರೋ ಒಬ್ಬರು ಅಂದಿರುತ್ತಾರೆ. ಚಿಕ್ಕ ಮಕ್ಕಳು ಅದನ್ನು ಹಾಗೇ ನಂಬಿಬಿಡುತ್ತಾರೆ.

ಇನ್ನು ಎಲ್ಲರೂ ಎಡವುವ ಜಾಗ. ‘ಅಮ್ಮಾ, ನೀನು ಸಾಯ್ತೀಯಾ?’

ನೂರಕ್ಕೆ ತೊಂಬತ್ತು ಮನೆಗಳಲ್ಲಿ ಬರುವ ಉತ್ತರ ‘ಥೂ, ಬಿಡ್ತು ಅನ್ನು!’ ಮಗು ಬಿಡ್ತು ಅನ್ನುತ್ತದೆ. ಮತ್ತೆ ಕೇಳುವುದಿಲ್ಲ. ಭಯ ಮಾತ್ರ ಒಳಗೇ ಉಳಿಯುತ್ತದೆ. ಹಾಗಾಗಿ ಗದರಬೇಡಿ. ‘ಯಾಕೆ ಹಾಗನ್ನಿಸ್ತು?’ ಅಂತ ಮೊದಲು ಕೇಳಿ. ಎದುರು ಮನೆಯ ಅಂಕಲ್ ಕ್ಯಾನ್ಸರ್ ಬಂದು ತೀರಿಕೊಂಡಿದ್ದು ನೆನಪಾಗಿರಬಹುದು. ಆಮೇಲೆ ನಿಜ ಹೇಳಿ. ವಾಸಿಯಾಗುವ ಹಾಗಿದ್ದರೆ: ‘ಈ ಕಾಯಿಲೆಯಿಂದ ಕೆಲವರು ಸಾಯ್ತಾರೆ, ತುಂಬಾ ಜನ ವಾಸಿಯಾಗ್ತಾರೆ. ನಂಗೆ ವಾಸಿಯಾಗತ್ತೆ ಅಂತ ಡಾಕ್ಟರು ಅಂದ್ಕೊಂಡಿದಾರೆ. ಅದು ಬದಲಾದ್ರೆ ನಾನೇ ನಿಂಗೆ ಹೇಳ್ತೀನಿ.’ ವಾಸಿಯಾಗದಿದ್ದರೆ: ‘ಇದನ್ನ ಪೂರ್ತಿ ಹೋಗಿಸೋ ಔಷಧಿ ಇಲ್ಲ. ನೋವಾಗದ ಹಾಗೆ ನೋಡ್ಕೊಳ್ತಾರೆ. ನಿನ್ನನ್ನ ಅಪ್ಪ, ಅಜ್ಜಿ ನೋಡ್ಕೊಳ್ತಾರೆ.’ ಇದನ್ನು ಹೇಳುವಾಗ ಅಳು ಬಂದರೆ ಅಳಿ, ತಪ್ಪೇನಿಲ್ಲ.

ಕೆಲವು ಮಕ್ಕಳು ಅಷ್ಟಕ್ಕೇ ಬಿಡುವುದಿಲ್ಲ. ಅಮ್ಮನ ಕೈ ಎಳೆದು ತನ್ನ ತಲೆ ಮೇಲೆ ಇಟ್ಟುಕೊಂಡು ‘ಸಾಯಲ್ಲ ಅಂತ ನನ್ನಾಣೆ ಮಾಡು’ ಅನ್ನುತ್ತವೆ. ಆ ಆಣೆ ಮಾತ್ರ ಇಡಬೇಡಿ. ಆಣೆ ತಪ್ಪಿದರೆ ಯಾರ ತಲೆ ಮೇಲೆ ಇಟ್ಟಿದ್ದೋ ಅವರಿಗೇ ಕೆಟ್ಟದ್ದು ಅಂತ ಮಕ್ಕಳಿಗೆ ನಾವೇ ಕಲಿಸಿದ್ದೇವೆ, ಅಲ್ವಾ? ‘ಅದು ನನ್ನ ಕೈಲಿಲ್ಲ ಪುಟ್ಟ. ನಿಂಗೆ ಸುಳ್ಳು ಹೇಳಲ್ಲ ಅಂತ ಬೇಕಾದ್ರೆ ಆಣೆ ಮಾಡ್ತೀನಿ’ ಅನ್ನಿ. ಇನ್ನೊಂದು, ಸಾವಿಗೆ ‘ನಿದ್ದೆ ಹೋದರು’ ಅನ್ನುವ ಮಾತು ಬೇಡ. ಅದನ್ನು ಕೇಳಿದ ಪುಟ್ಟ ಮಕ್ಕಳು ಮಲಗಲು ಹೆದರುತ್ತಾರೆ.

ಕೂದಲಿನ ವಿಷಯ ಮುಂಚೆಯೇ ಹೇಳಿ. ಎಲ್ಲ ಕಿಮೊದಲ್ಲೂ ಕೂದಲು ಉದುರುವುದಿಲ್ಲ. ಉದುರುವ ಔಷಧಿಯಾದರೆ ಮೊದಲ ಡೋಸ್ ಆಗಿ ಎರಡು ಮೂರು ವಾರಕ್ಕೆ ಶುರುವಾಗುತ್ತದೆ. ಕಳೆಗೆ ಹೊಡೆದ ಔಷಧಿ ಪೈರಿಗೂ ತಾಗಿದ ಹಾಗೆ ಅಂದರೆ ಹಳ್ಳಿ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ. ‘ತಿರುಪತಿಗೆ ಮುಡಿ ಕೊಟ್ಟೆ’ ಅನ್ನುವ ಸುಳ್ಳು ಬೇಡ, ‘ಲಡ್ಡು ಎಲ್ಲಿ?’ ಅಂತ ಕೇಳುತ್ತವೆ. ಅಗ್ಗದ ಪ್ಲಾಸ್ಟಿಕ್ ವಿಗ್ಗಿಗೆ ದುಡ್ಡು ಹಾಕಬೇಡಿ, ಬೇಸಿಗೆಯಲ್ಲಿ ಬರೀ ಕಡಿತ. ಹಳೇ ಕಾಟನ್ ಸೀರೆಯ ತುಂಡು ಕಟ್ಟಿಕೊಳ್ಳಿ, ಬಣ್ಣ ಮಗುವೇ ಆರಿಸಲಿ. ವಾಟ್ಸ್ಆ್ಯಪಿನಲ್ಲಿ ಬರುವ ‘ಕ್ಯಾನ್ಸರ್ ವಾಸಿ ಮಾಡುವ ಪುಡಿ’ಯನ್ನು ಮನೆಗೆ ತರಲೇಬೇಡಿ. ಮಗು ಅದನ್ನೇ ನಂಬಿಕೊಂಡು ಕೂರುತ್ತದೆ.

ಹೊರಗಿನ ಮೆಷೀನಿನಿಂದ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ, ಮನೆಗೆ ಬಂದು ಮಗುವನ್ನು ಧಾರಾಳವಾಗಿ ಅಪ್ಪಿಕೊಳ್ಳಬಹುದು. ಥೈರಾಯ್ಡ್ ಕ್ಯಾನ್ಸರಿಗೆ ಕೊಡುವ ರೇಡಿಯೋ ಅಯೋಡಿನ್ ಅನ್ನುವ ವಿಕಿರಣದ ಔಷಧಿ ಹಾಗಲ್ಲ. ಅದಾದ ಮೇಲೆ ಮಕ್ಕಳಿಂದ ಸ್ವಲ್ಪ ದಿನ ದೂರ ಇರಬೇಕು. ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ, ಕ್ಯಾಲೆಂಡರಿನಲ್ಲಿ ಮಗುವಿನ ಕೈಲೇ ಗುರುತು ಹಾಕಿಸಿ.

ಕ್ಲಾಸ್ ಟೀಚರಿಗೆ ಒಂದು ಮಾತು ತಿಳಿಸಿ. ಮಗು ಮತ್ತೆ ಹಾಸಿಗೆ ಒದ್ದೆ ಮಾಡುವುದು, ಊಟ ಬಿಡುವುದು, ಸ್ಕೂಲಿಗೆ ಹೋಗಲ್ಲ ಅಂತ ಹಟ ಮಾಡುವುದು ವಾರಗಟ್ಟಲೆ ನಡೆದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.