ನೀರು ಆರಿದರೂ ಪೊರೆ ಉಳಿಯುವುದು ಹೇಗೆ? ಕಂಪ್ಯೂಟರ್‌ನಲ್ಲಿ ಪರೀಕ್ಷಿಸಿ ನೋಡಿ

ಒಣಗಿದ ಯೀಸ್ಟ್‌ಗೆ ಬೆಚ್ಚಗಿನ ನೀರು ಹಾಕಿದರೆ ಅದು ಮತ್ತೆ ಚುರುಕಾಗುತ್ತದೆ. ಈ ತಾಳಿಕೆಯಲ್ಲಿ ಟ್ರೆಹಲೋಸ್ ಎಂಬ ಸಕ್ಕರೆಗೂ ಪಾಲಿದೆ. ಎರಡು ಗ್ಲೂಕೋಸ್ ಸೇರಿ ಆದ ಸಕ್ಕರೆ ಇದು. ನೀರು ಆರಿಹೋಗುವಾಗ ಜೀವಕೋಶದ ಪೊರೆ ಹಾಳಾಗದಂತೆ ಕಾಯುತ್ತದೆ. ಪೊರೆಯ ದಪ್ಪ ಸುಮಾರು 4 ನ್ಯಾನೋಮೀಟರ್ ಅಷ್ಟೇ. ಅಲ್ಲಿ ಒಂದೊಂದು ಸಕ್ಕರೆ ಅಣು ಏನು ಮಾಡುತ್ತದೆ ಎಂದು ಕಣ್ಣಾರೆ ನೋಡಲು ಆಗದು. ಪ್ರತಿ ಪರಮಾಣುವಿನ ಓಡಾಟವನ್ನೂ ಲೆಕ್ಕ ಹಾಕುವ ಮಾಲಿಕ್ಯುಲರ್ ಡೈನಮಿಕ್ಸ್ ಸಿಮ್ಯುಲೇಷನ್ ಇಲ್ಲಿ ನೆರವಿಗೆ ಬರುತ್ತದೆ. ಇದಕ್ಕೆ ಬೇಕಾದ ಗ್ರೊಮ್ಯಾಕ್ಸ್ ತಂತ್ರಾಂಶ ಉಚಿತ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಇದ್ದರೆ ಶುರು ಮಾಡಬಹುದು.

ಏನನ್ನು ಹುಡುಕುತ್ತಿದ್ದೇವೆ ಎಂಬುದು ಮೊದಲೇ ಸ್ಪಷ್ಟವಿರಲಿ. ಪೊರೆ ಆಗಿರುವುದು ಲಿಪಿಡ್ ಎಂಬ ಕೊಬ್ಬಿನಂಥ ಅಣುಗಳಿಂದ; ಒಂದೊಂದಕ್ಕೂ ಒಂದು ತಲೆ, ಉದ್ದ ಬಾಲಗಳು. ತಲೆ ಭಾಗ ನೀರಿನ ಜೊತೆ ಹೈಡ್ರೋಜನ್ ಬಂಧ (ಹೈಡ್ರೋಜನ್ ಮೂಲಕ ಆಗುವ ದುರ್ಬಲ ಸೆಳೆತ) ಕಟ್ಟಿಕೊಂಡಿರುತ್ತದೆ. ನೀರು ಹೋದಾಗ ಆ ಜಾಗವನ್ನು ಸಕ್ಕರೆ ತುಂಬುತ್ತದೆ ಎಂದು ವಿಜ್ಞಾನಿಗಳಾದ ಜಾನ್ ಕ್ರೋ ಮತ್ತು ಲೋಯಿಸ್ ಕ್ರೋ 1980ರ ದಶಕದಲ್ಲಿ ವಾದಿಸಿದರು. ಹಾಗಲ್ಲ, ಸಕ್ಕರೆ ಪೊರೆಗಳ ನಡುವೆ ಉಳಿದು ಅವು ಒಂದನ್ನೊಂದು ಒತ್ತದಂತೆ ತಡೆಯುತ್ತದೆ ಎಂಬುದು ಇನ್ನೊಂದು ವಾದ. ಸಕ್ಕರೆ ಗಾಜಾಗಿ ಗಟ್ಟಿಯಾಗುವುದೇ ರಕ್ಷಣೆ ಎನ್ನುವವರೂ ಇದ್ದಾರೆ.

ಈಗ ಪೊರೆ ಕಟ್ಟೋಣ. ಚಾರ್ಮ್-ಜಿಯುಐ ಎಂಬ ಜಾಲತಾಣದಲ್ಲಿ ಡಿಪಿಪಿಸಿ ಲಿಪಿಡ್ ಆರಿಸಿ, ಪದರಕ್ಕೆ 64ರಂತೆ ಎರಡು ಪದರ ಮಾಡಿ. ಜೊತೆಗೆ 5,000 ನೀರಿನ ಅಣು. ಇವೆಲ್ಲ ಇರುವ ಜಾಗವೇ ಸಿಮ್ಯುಲೇಷನ್‌ನ ಪೆಟ್ಟಿಗೆ. ಸಕ್ಕರೆ ಎಷ್ಟು ಹಾಕಬೇಕು? ಒಂದು ಕಿಲೋ ನೀರಿನಲ್ಲಿ 55.5 ಮೋಲ್ ನೀರಿದೆ. ಹಾಗಾಗಿ ಕಿಲೋಗೆ 1 ಮೋಲ್ ಸಕ್ಕರೆ ಬೇಕಿದ್ದರೆ 5,000 ಅಣುಗಳಿಗೆ 90 ಟ್ರೆಹಲೋಸ್ ಸಾಕು. ಇವನ್ನು ನೀರಿನ ಪದರದಲ್ಲಿ ಹರಡಿ, ಪೊರೆಯೊಳಗೆ ಬೇಡ. ಸಕ್ಕರೆಯೇ ಇಲ್ಲದ ಇನ್ನೊಂದು ಪೆಟ್ಟಿಗೆಯನ್ನೂ ತಪ್ಪದೆ ಮಾಡಿ. ಅದಿಲ್ಲದಿದ್ದರೆ ಹೋಲಿಸಲು ಏನೂ ಉಳಿಯುವುದಿಲ್ಲ.

ಪರಮಾಣುಗಳ ನಡುವಿನ ಸೆಳೆತದ ಲೆಕ್ಕ ಕೊಡುವುದು ಫೋರ್ಸ್ ಫೀಲ್ಡ್. ಲಿಪಿಡ್, ಸಕ್ಕರೆ, ನೀರು ಮೂರಕ್ಕೂ ಒಂದೇ ಕುಟುಂಬದ್ದನ್ನು ಬಳಸಿ, ಉದಾಹರಣೆಗೆ ಚಾರ್ಮ್36. ಒಂದು ಎಚ್ಚರಿಕೆ: ಕೆಲವು ಫೋರ್ಸ್ ಫೀಲ್ಡ್‌ಗಳಲ್ಲಿ ಸಕ್ಕರೆಗಳು ನಿಜಕ್ಕಿಂತ ಜಾಸ್ತಿ ಅಂಟಿಕೊಳ್ಳುತ್ತವೆ. ಪೊರೆ ಇಲ್ಲದೆ ಬರೀ ಸಕ್ಕರೆ ನೀರನ್ನು ಮೊದಲು ಓಡಿಸಿ ನೋಡಿ. ಅಲ್ಲೇ ಗುಂಪುಗಟ್ಟಿ ಕೂತರೆ ಮುಂದಿನ ಫಲಿತಾಂಶವನ್ನು ನಂಬುವುದು ಕಷ್ಟ.

ತೀರಾ ಒತ್ತಿಕೊಂಡ ಪರಮಾಣುಗಳನ್ನು ಸರಿಪಡಿಸುವ, ಶಕ್ತಿ ತಗ್ಗಿಸುವ ಹಂತ ಮುಗಿಸಿ, 323 ಕೆಲ್ವಿನ್ ಮತ್ತು 1 ಬಾರ್ ಒತ್ತಡದಲ್ಲಿ ಓಡಿಸಿ. ಡಿಪಿಪಿಸಿ 41 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ, ಅದಕ್ಕೇ ಈ 50 ಡಿಗ್ರಿ. ಒಂದು ಹೆಜ್ಜೆಗೆ 2 ಫೆಮ್ಟೋಸೆಕೆಂಡ್. 500 ನ್ಯಾನೋಸೆಕೆಂಡ್ ಆಗಲು 25 ಕೋಟಿ ಹೆಜ್ಜೆ ಬೇಕು. ಅವಸರ ಬೇಡ. ಸಕ್ಕರೆ ಬೆರೆತ ನೀರು ಮಂದ, ಅಣುಗಳು ನಿಧಾನಕ್ಕೆ ಚಲಿಸುತ್ತವೆ.

ಆಮೇಲೆ ಅಳತೆ. ಪೊರೆ ಹರಡಿರುವ ದಿಕ್ಕಿನಲ್ಲಿ ಪೆಟ್ಟಿಗೆಯ ಉದ್ದವನ್ನು ಅಗಲದಿಂದ ಗುಣಿಸಿ 64ರಿಂದ ಭಾಗಿಸಿದರೆ ಒಂದು ಲಿಪಿಡ್‌ನ ಜಾಗ ಸಿಗುತ್ತದೆ. ಸಕ್ಕರೆ ಇಲ್ಲದ ಪೊರೆಯಲ್ಲಿ ಇದು ಸುಮಾರು 0.63 ಚದರ ನ್ಯಾನೋಮೀಟರ್ ಬರಬೇಕು. ಮುಂದೆ ಹೈಡ್ರೋಜನ್ ಬಂಧ ಎಣಿಸಿ: ಎರಡು ಆಕ್ಸಿಜನ್‌ಗಳ ದೂರ 0.35 ನ್ಯಾನೋಮೀಟರ್ ಒಳಗೆ, ಕೋನ 30 ಡಿಗ್ರಿ ಒಳಗೆ. ಒಂದು ಟ್ರೆಹಲೋಸ್‌ನಲ್ಲಿ ಇಂಥ ಬಂಧ ಕಟ್ಟಬಲ್ಲ ಎಂಟು ಹೈಡ್ರಾಕ್ಸಿಲ್ (OH) ಗುಂಪುಗಳಿವೆ. ಪೊರೆಯ ಮೇಲೆ ಮಲಗಿದ ಒಂದೇ ಅಣು ಅಕ್ಕಪಕ್ಕದ ಎರಡು ಮೂರು ಲಿಪಿಡ್‌ಗಳ ತಲೆಯಲ್ಲಿರುವ ಫಾಸ್ಫೇಟನ್ನು ಒಟ್ಟಿಗೆ ಹಿಡಿದಿರುವುದು ಆಗಾಗ ಕಾಣುತ್ತದೆ. ನನಗೆ ಇಡೀ ಕೆಲಸದಲ್ಲಿ ತುಂಬ ಇಷ್ಟವಾಗುವ ದೃಶ್ಯ ಇದೇ.

ಆದರೆ ಇಲ್ಲಿಗೆ ನಿಲ್ಲಿಸಿದರೆ ರಕ್ಷಣೆಯನ್ನು ನೀವಿನ್ನೂ ನೋಡಿಲ್ಲ. ನೀರು ಧಾರಾಳವಾಗಿರುವಾಗ ಸಕ್ಕರೆ ಕಟ್ಟುವ ಬಂಧಗಳು ಹೆಚ್ಚಾಗಿ ನೀರಿನ ಬಂಧಗಳ ಬದಲಿಗೆ ಬಂದವು. ಲಿಪಿಡ್‌ನ ಜಾಗ ಅಷ್ಟೇನೂ ಬದಲಾಗದು. ಅದಕ್ಕೆ ನೀರು ತೆಗೆಯಲೇಬೇಕು. ಹಂತ ಹಂತವಾಗಿ ತೆಗೆಯುತ್ತಾ ಲಿಪಿಡ್‌ಗೆ ಐದು ನೀರಿನ ಅಣುವಿಗೆ ಇಳಿಸಿ. ಸಕ್ಕರೆ ಇಲ್ಲದ ಪೆಟ್ಟಿಗೆಯಲ್ಲೂ ಹಾಗೇ ಮಾಡಿ. ಅಲ್ಲಿ ಲಿಪಿಡ್‌ಗಳು ಒತ್ತೊತ್ತಾಗಿ, ಬಾಲಗಳು ನೆಟ್ಟಗಾಗುವ ಕಡೆ ವಾಲುತ್ತವೆ. ಸಕ್ಕರೆ ಇರುವ ಕಡೆ ಜಾಗ ಎಷ್ಟು ಉಳಿಯಿತು ಎಂಬುದೇ ರಕ್ಷಣೆಯ ಅಳತೆ. ಸಿಮ್ಯುಲೇಷನ್‌ನಲ್ಲಿ ಪೆಟ್ಟಿಗೆಯ ಪ್ರತಿಗಳೇ ಎಲ್ಲ ದಿಕ್ಕಿಗೂ ಮರುಕಳಿಸುವುದರಿಂದ ಪೊರೆಯ ಎದುರು ಪೊರೆಯೇ ಇರುತ್ತದೆ. ಒಣಗುವ ಕೋಶದಲ್ಲೂ ಪೊರೆಗಳು ಹೀಗೇ ಹತ್ತಿರವಾಗುತ್ತವೆ, ಅಲ್ವಾ? ಸಕ್ಕರೆಯ ಸಾಂದ್ರತೆ ಫಾಸ್ಫೇಟ್ ಮಟ್ಟದಲ್ಲಿ ಹೆಚ್ಚಿದೆಯೋ, ಎರಡು ಪೊರೆಗಳ ನಡುಮಧ್ಯೆ ಹೆಚ್ಚಿದೆಯೋ ಎಂದು ನಕ್ಷೆ ಹಾಕಿ. ಮೊದಲ ಎರಡು ವಾದಗಳನ್ನು ತೂಗಲು ಅದು ಬೇಕು.

ಒಂದೇ ಪ್ರಮಾಣದ ಸಕ್ಕರೆಗೆ ತೃಪ್ತರಾಗಬೇಡಿ. ಸಕ್ಕರೆ ಕಡಿಮೆ ಇದ್ದಾಗ ಪೊರೆಗೆ ಅಂಟುತ್ತದೆ, ಜಾಸ್ತಿಯಾದಂತೆ ಪೊರೆಯಿಂದ ದೂರ ಸರಿಯುತ್ತದೆ ಎಂದು 2011ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ನೀರು ತುಂಬಿದ ಪೆಟ್ಟಿಗೆಯಲ್ಲಿ 9, 18, 90, 180 ಅಣು ಹಾಕಿ ಬೇರೆ ಬೇರೆಯಾಗಿ ಓಡಿಸಿ. ಪ್ರತಿಯೊಂದನ್ನೂ ಬೇರೆ ಆರಂಭ ವೇಗಗಳಿಂದ ಮೂರು ಸಲ ಮಾಡಿ. ಒಂಬತ್ತೇ ಅಣು ಇರುವ ಪೆಟ್ಟಿಗೆಗೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ, ಏಕೆಂದರೆ ಅಲ್ಲಿ ಎಣಿಸಲು ಸಿಗುವುದೇ ಕಡಿಮೆ.