ಕೃಷ್ಣಮೃಗದ ನೆರೆಯಲ್ಲಿ ಹುಲ್ಲುಗಾವಲನ್ನು ಮರಳಿ ತರುವುದು ಹೇಗೆ?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲನ್ನು ಮೊದಲ ಸಲ ನೋಡಿದವರಿಗೆ ಅದು ಬರಡು ಜಾಗ ಅನ್ನಿಸಬಹುದು. ಮರವಿಲ್ಲ, ನೆರಳಿಲ್ಲ, ಬರೀ ಹುಲ್ಲು. ಆದರೆ ಸುಮಾರು 798 ಎಕರೆಯ ಆ ಹುಲ್ಲುಗಾವಲೇ 2007ರಲ್ಲಿ ಘೋಷಣೆಯಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ. ಕೃಷ್ಣಮೃಗಗಳು ಗಡಿ ಕಲ್ಲು ನೋಡಿ ನಿಲ್ಲುವುದಿಲ್ಲ. ಸುತ್ತಲಿನ ಗೋಮಾಳ, ಬೀಳು ಹೊಲ, ಕೆರೆಯಂಗಳ ಎಲ್ಲವೂ ಅವಕ್ಕೆ ಬೇಕು. ಹಾಗಾಗಿ ಮೀಸಲಿನ ಒಳಗಷ್ಟೇ ಅಲ್ಲ, ಹೊರಗೂ ಮಾಡುವ ಕೆಲಸ ಬಹಳ ಇದೆ.

ಆ ಕೆಲಸ ಗಿಡ ನೆಡುವುದರಿಂದ ಶುರುವಾಗಬಾರದು. ಇದನ್ನು ಒತ್ತಿ ಹೇಳಬೇಕು. ಪರಿಸರ ದಿನ ಬಂತೆಂದರೆ ಖಾಲಿ ಕಂಡ ಕಡೆಯೆಲ್ಲ ಗುಂಡಿ ತೋಡಿ ಸಸಿ ಇಡುತ್ತೇವೆ, ಅಲ್ವಾ? ಕೃಷ್ಣಮೃಗ ದೂರದಿಂದಲೇ ಅಪಾಯ ಕಂಡು, ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿ. ಬಯಲಲ್ಲಿ ಮರ ದಟ್ಟವಾದರೆ ಅದಕ್ಕೆ ದೂರ ಕಾಣುವುದಿಲ್ಲ. ನೆರಳು ಜಾಸ್ತಿಯಾದರೆ ಕೆಳಗಿನ ಹುಲ್ಲೂ ಸೊರಗುತ್ತದೆ. ನೆಲದ ಮೇಲೆಯೇ ಮೊಟ್ಟೆ ಇಡುವ ಗೌಜಲಕ್ಕಿಗೂ ಹುಲ್ಲಿನ ಮರೆಯೇ ಬೇಕು.

ಮೊದಲು ನೆಲ ನೋಡಿ

ಒಂದು ಮಳೆಗಾಲ ಪೂರ್ತಿ ಸುಮ್ನೆ ನೋಡಿ. ಯಾವ ಹುಲ್ಲು ಎಲ್ಲಿ ಏಳುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ಬರೆದಿಟ್ಟುಕೊಳ್ಳಿ. ಕುರಿ ಕಾಯುವ ಹಿರಿಯರನ್ನು ಕೇಳಿ. ಮೊದಲು ಎಂಥ ಮೇವಿತ್ತು, ಯಾವುದು ಕಾಣೆಯಾಯಿತು ಎಂದು ಅವರಷ್ಟು ಚೆನ್ನಾಗಿ ಇನ್ಯಾರೂ ಹೇಳಲಾರರು.

ಜಾಗ ಯಾರದು ಎಂಬುದೂ ಗೊತ್ತಿರಲಿ. ಮೀಸಲಿನ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಪೊದೆಯನ್ನೂ ಮುಟ್ಟಬೇಡಿ. ಗೋಮಾಳವಾದರೆ ಪಂಚಾಯಿತಿ ಮತ್ತು ತಾಲ್ಲೂಕು ಕಚೇರಿಯಲ್ಲಿ ಮಾತಾಡಿ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮುಂದೆ ವಿಷಯ ಇಟ್ಟರೆ ಊರಿನವರೂ ಜೊತೆಗೆ ಬರುತ್ತಾರೆ. ಸ್ವಂತ ಹೊಲದಲ್ಲೂ ದೊಡ್ಡ ಮರ ಕಡಿಯುವ ಮುಂಚೆ ವಲಯ ಅರಣ್ಯಾಧಿಕಾರಿಯನ್ನು ಕೇಳುವುದು ಒಳ್ಳೆಯದು.

ಬಳ್ಳಾರಿ ಜಾಲಿ ತೆಗೆಯುವ ಬಗೆ

ನಮ್ಮ ಬಯಲುಗಳನ್ನು ನುಂಗುತ್ತಿರುವುದು ಬಳ್ಳಾರಿ ಜಾಲಿ. ಇದನ್ನು ಮಚ್ಚಿನಲ್ಲಿ ಕಡಿದು ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಬುಡದಿಂದ ಒಂದರ ಬದಲು ಹತ್ತು ಚಿಗುರು ಏಳುತ್ತವೆ. ಚಿಗುರುವ ಮೊಗ್ಗುಗಳು ಇರುವುದು ಕಾಂಡ ಬೇರಿಗೆ ಸೇರುವ ಜಾಗದಲ್ಲಿ. ಹಾಗಾಗಿ ಬುಡದ ಸುತ್ತ ಗುದ್ದಲಿಯಲ್ಲಿ ಅರ್ಧ ಅಡಿಯಿಂದ ಒಂದು ಅಡಿ ಅಗೆದು, ಆ ಗಂಟಿನ ಕೆಳಗೆ ಬೇರನ್ನು ಕೊಡಲಿಯಿಂದ ಕತ್ತರಿಸಿ. ಮೊಣಕಾಲೆತ್ತರದ ಸಸಿಯಾದರೆ ಮಳೆ ಬಂದ ಮಾರನೇ ದಿನ ಹಾರೆ ಹಾಕಿ ಮೀಟಿ, ಬೇರು ಸಮೇತ ಬರುತ್ತದೆ. ದಪ್ಪ ಅಟ್ಟೆಯ ಚಪ್ಪಲಿ ಬೇಕೇ ಬೇಕು, ಮುಳ್ಳಿನ ಗಾಯ ಬೇಗ ಕೀವಾಗುತ್ತದೆ.

ಕಾಯಿ ಹಣ್ಣಾಗುವ ಮುಂಚೆಯೇ ತೆಗೆಯಿರಿ. ಕಾಯಿ ತಿಂದ ಕುರಿ, ಮೇಕೆಗಳ ಹಿಕ್ಕೆಯಲ್ಲಿ ಬೀಜ ಹೊಸ ಜಾಗಕ್ಕೆ ಹೋಗುತ್ತದೆ. ಜೆಸಿಬಿ ತರಿಸುವ ಆಸೆ ಬೇಡ. ಅದು ಮಣ್ಣನ್ನೆಲ್ಲ ಮಗುಚಿ, ಇರುವ ಹುಲ್ಲಿನ ಬುಡವನ್ನೂ ಕಿತ್ತು, ಹೂತಿದ್ದ ಜಾಲಿ ಬೀಜವನ್ನು ಮೇಲೆ ತರುತ್ತದೆ.

ಕಾಂಗ್ರೆಸ್ ಹುಲ್ಲನ್ನು ಹೂ ಬಿಡುವ ಮೊದಲು, ಕೈಗೆ ಗ್ಲೌಸ್ ಹಾಕಿಕೊಂಡು ಕೀಳಿ.

ಹುಲ್ಲಿನ ಬೀಜ

ದೂರದಿಂದ ಬೀಜ ತರಿಸಬೇಡಿ. ಹತ್ತಿರದ ಬದು, ರಸ್ತೆಯಂಚು, ಗುಡ್ಡದ ಬುಡದಲ್ಲಿ ಉಳಿದಿರುವ ಹುಲ್ಲಿನಿಂದಲೇ ಆಯ್ದುಕೊಳ್ಳಿ. ಮಳೆ ಮುಗಿದು ತೆನೆ ಒಣಗುವ ಹೊತ್ತಿಗೆ, ಅಂದರೆ ಕಾರ್ತಿಕದ ಆಸುಪಾಸಿನಲ್ಲಿ, ಬೀಜ ಬಲಿತಿರುತ್ತದೆ. ಪಂಚೆ, ಸೀರೆಯಂಚಿಗೆ ಚುಚ್ಚಿಕೊಂಡು ಬರುವ ಬೀಜ ಗೊತ್ತಲ್ಲ? ಒಂದು ತುದಿ ಚೂಪು, ಇನ್ನೊಂದು ಕಡೆ ಕಂದು ಬಣ್ಣದ ಉದ್ದ ಬಾಲ. ಅದನ್ನು ಅಂಗೈ ಮೇಲಿಟ್ಟು ಒಂದು ಹನಿ ನೀರು ಹಾಕಿ. ಬಾಲ ಮೆಲ್ಲಗೆ ತಿರುಗತೊಡಗುತ್ತದೆ. ಮಳೆ ಬಿದ್ದಾಗ ನೆಲದಲ್ಲೂ ಹೀಗೆಯೇ ತಿರುಗಿ ತಿರುಗಿ ಬೀಜ ತಾನಾಗಿ ಮಣ್ಣಿಗಿಳಿಯುತ್ತದೆ. ಅದಕ್ಕೆ ಉಳುಮೆ ಬೇಕಿಲ್ಲ.

ಬೀಜವನ್ನು ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲದಲ್ಲಿ ಬೇಸಿಗೆವರೆಗೆ ಇಡಿ. ಎಷ್ಟೋ ಹುಲ್ಲಿನ ಬೀಜ ಕೆಲವು ತಿಂಗಳು ಸುಮ್ಮನಿದ್ದ ಮೇಲೇ ಚೆನ್ನಾಗಿ ಮೊಳೆಯುವುದು. ರೋಹಿಣಿ ಮಳೆಯ ಸಮಯಕ್ಕೆ ನೆಲವನ್ನು ಕುಂಟೆಯಿಂದ ತುಸು ಕೆರೆದು, ಒಣ ಮಣ್ಣಿನೊಂದಿಗೆ ಬೆರೆಸಿ ಚೆಲ್ಲಿ. ಆಳಕ್ಕೆ ಹೂಳಬೇಡಿ.

ಮರ ಬೇಡವೇ ಬೇಡ ಎಂದಲ್ಲ. ಶಿರಾ ಕಡೆ, 2019ರಲ್ಲಿ ಘೋಷಣೆಯಾದ ಬುಕ್ಕಾಪಟ್ಟಣ ಚಿಂಕಾರ ವನ್ಯಧಾಮದ ಸುತ್ತ ಕುರುಚಲು ಕಾಡಿನ ನೆಲವಿದೆ. ಅಲ್ಲಿ ಕಮರ, ತುಗ್ಗಲಿ, ಕಾರೆ, ತಂಗಡಿಗೆ ಜಾಗವಿದೆ. ನೀಲಗಿರಿ ಎಲ್ಲಿಯೂ ಬೇಡ. 2017ರಲ್ಲಿ ಸರ್ಕಾರವೇ ಅದನ್ನು ನೆಡುವುದಕ್ಕೆ ತಡೆ ಹಾಕಿದೆ.

ಮೇಯಿಸುವವರ ಜೊತೆ ಮಾತು

ಇಲ್ಲೇ ಹೆಚ್ಚಿನ ಪ್ರಯತ್ನಗಳು ಸೋಲುವುದು. ಇಡೀ ಗೋಮಾಳಕ್ಕೆ ಬೇಲಿ ಹಾಕಿದರೆ ಕುರಿಗಾಹಿಗಳ ಹೊಟ್ಟೆಗೆ ಹೊಡೆದಂತೆ. ಅವರನ್ನೇ ಕೂರಿಸಿಕೊಂಡು ಜಾಗವನ್ನು ಪಾಲು ಮಾಡಿ. ಒಂದು ಪಾಲಿಗೆ ಬಿಡುವು, ಉಳಿದ ಕಡೆ ಮೇವು. ಮುಂದಿನ ವರ್ಷ ಬದಲಿಸಿ. ಗುರುತಿಗೆ ಕಲ್ಲು ಸಾಕು. ಮುಳ್ಳುತಂತಿ ಬೇಡ, ಓಡುವ ಕೃಷ್ಣಮೃಗ ಅದಕ್ಕೆ ಸಿಕ್ಕಿ ಗಾಯವಾಗುತ್ತದೆ. ಬೀದಿನಾಯಿಗಳು ಮರಿಗಳನ್ನು ಅಟ್ಟಿ ಕೊಲ್ಲುತ್ತವೆ. ಹಾಗಾಗಿ ಬಯಲಿನ ಅಂಚಿನಲ್ಲಿ ಕೋಳಿ ತ್ಯಾಜ್ಯ ಸುರಿಯುವುದನ್ನು ಪಂಚಾಯಿತಿ ನಿಲ್ಲಿಸಬೇಕು.

ಬಿಡುವು ಕೊಟ್ಟ ಪಾಲಿನ ಹುಲ್ಲನ್ನು ಬೀಜ ಉದುರಿದ ಮೇಲೆ ಕೊಯ್ದು ಮನೆಗೆ ಒಯ್ಯಬಹುದು. ಬುಡದಲ್ಲಿ ನಾಲ್ಕು ಬೆರಳು ಬಿಟ್ಟು ಕೊಯ್ಯಿರಿ. ಬೇಸಿಗೆಗೆ ಮುಂಚೆ ಅಂಚಿನ ಒಣ ಹುಲ್ಲು ತೆಗೆದರೆ ಬೆಂಕಿಯ ಭಯವೂ ಕಡಿಮೆ. ಮುಂದಿನ ಮೂರು ಮಳೆಗಾಲವಾದರೂ ಮತ್ತೆ ಏಳುವ ಜಾಲಿ ಸಸಿಗಳನ್ನು ಹುಡುಕಿ ಕೀಳುತ್ತಿರಬೇಕು.