ಅಪಮೌಲ್ಯದಿಂದ ಬೆಳೆಗಾರನಿಗೆ ಉಳಿಯುವುದೆಷ್ಟು? ಲೆಕ್ಕ ಹಾಕುವ ಕ್ರಮ

ನಾಣ್ಯ ಅಪಮೌಲ್ಯಗೊಂಡ, ಅಂದರೆ ವಿದೇಶಿ ಹಣದೆದುರು ಅದರ ಬೆಲೆ ಇಳಿಸಿದ ಮರುದಿನವೇ ‘ಇನ್ನು ಕೃಷಿ ರಫ್ತು ಜಿಗಿಯುತ್ತದೆ’ ಎಂಬ ಮಾತು ಶುರುವಾಗುತ್ತದೆ. ಹಾಗೆ ಹೇಳುವ ಮೊದಲು ಒಂದು ಬೆಳೆ, ಒಂದು ಟನ್ ಇಟ್ಟುಕೊಂಡು ಲೆಕ್ಕ ಹಾಕಿ.

ಹಂತ 1: ಯಾವ ಶೇಕಡಾ? 1994ರ ಜನವರಿಯಲ್ಲಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಸಿಎಫ್‌ಎ ಫ್ರಾಂಕ್, ಫ್ರೆಂಚ್ ಫ್ರಾಂಕಿಗೆ 50 ಇದ್ದದ್ದು 100 ಆಯಿತು. ನಾಣ್ಯ ಕಳೆದುಕೊಂಡ ಮೌಲ್ಯ ಶೇ 50; ರಫ್ತುದಾರನ ಸ್ಥಳೀಯ ಆದಾಯ ಏರಿದ್ದು ಶೇ 100. ಲೆಕ್ಕಕ್ಕೆ ಬೇಕಾದದ್ದು ಎರಡನೆಯದು.

ಹಂತ 2: ಡಾಲರ್ ಬೆಲೆಯನ್ನು ಮುಟ್ಟಬೇಡಿ. ಕಾಫಿ, ಕೋಕೊ, ಹತ್ತಿಯ ಬೆಲೆ ವಿಶ್ವ ಮಾರುಕಟ್ಟೆಯಲ್ಲೇ ನಿಗದಿಯಾಗುತ್ತದೆ. ಸಣ್ಣ ದೇಶದ ನಾಣ್ಯ ಕುಸಿದರೆ ಕೊಳ್ಳುವವನಿಗೆ ಸರಕು ಅಗ್ಗವಾಗುವುದಿಲ್ಲ, ಮಾರುವವನ ಉಳಿಕೆ ಬದಲಾಗುತ್ತದೆ, ಅಷ್ಟೇ. ಕೋಕೊದಲ್ಲಿ ಐವರಿ ಕೋಸ್ಟ್‌ನಂಥ ದೊಡ್ಡ ಉತ್ಪಾದಕನ ಮಾತು ಬೇರೆ: ಅದು ಹೆಚ್ಚು ಸುರಿದರೆ ಡಾಲರ್ ಬೆಲೆಯೇ ಇಳಿಯಬಹುದು.

ಹಂತ 3: ವೆಚ್ಚವನ್ನು ಆಮದು (ಡಾಲರ್) ವೆಚ್ಚ, ಸ್ಥಳೀಯ ವೆಚ್ಚ ಎಂದು ಎರಡಾಗಿ ಸೀಳಿ. ಹೆಚ್ಚಿನವರು ಎಡವುವುದು ಇಲ್ಲೇ. ರಸಗೊಬ್ಬರ, ಕೀಟನಾಶಕ, ಡೀಸೆಲ್, ಯಂತ್ರದ ಬಿಡಿಭಾಗ, ಹಡಗಿನ ಬಾಡಿಗೆ ಒಂದು ಕಡೆಗೆ. ಕೂಲಿ, ಗೇಣಿ, ಒಳನಾಡಿನ ಸೇವೆಗಳು ಇನ್ನೊಂದು ಕಡೆಗೆ. ಸ್ಥಳೀಯ ಅಂಗಡಿಯಲ್ಲಿ ಕೊಂಡ ಗೊಬ್ಬರವನ್ನು ‘ದೇಶೀಯ’ ಎಂದು ಬರೆಯಬೇಡಿ. ಚೀಲ ಹೊರಗಿನಿಂದ ಬಂದಿದ್ದರೆ ಅದು ಡಾಲರ್ ವೆಚ್ಚವೇ. ಲಾರಿ ಬಾಡಿಗೆಯೊಳಗೂ ಡೀಸೆಲ್ ಅಡಗಿರುತ್ತದೆ, ಅದನ್ನೂ ಬಿಡಿಸಿ ತೆಗೆಯಿರಿ.

ಟನ್ನಿಗೆ 2,000 ಡಾಲರ್ ಬೆಲೆ, 800 ಡಾಲರ್ ಆಮದು ವೆಚ್ಚ, ಸ್ಥಳೀಯ ನಾಣ್ಯದಲ್ಲಿ 90,000 ಸ್ಥಳೀಯ ವೆಚ್ಚ ಎಂದುಕೊಳ್ಳಿ. ದರ ಡಾಲರಿಗೆ 100 ಇದ್ದಾಗ ಆದಾಯ 2,00,000. ಎರಡೂ ವೆಚ್ಚ ಕಳೆದರೆ ಲಾಭ 30,000. ದರ 150 ಆದಾಗ ಆದಾಯ 3,00,000, ಆಮದು ವೆಚ್ಚ 1,20,000, ಲಾಭ 90,000. ಮೂರು ಪಟ್ಟು! ಸಂಭ್ರಮದ ವರದಿಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಆಮದು ದುಬಾರಿಯಾದಂತೆ ಊಟ, ಬಸ್ಸು, ಕೂಲಿ ಎಲ್ಲವೂ ಏರುತ್ತವೆ. ಸ್ಥಳೀಯ ಬೆಲೆಗಳು ಶೇ 40 ಏರಿದರೆ 90,000ದ ವೆಚ್ಚ 1,26,000 ಆಗಿ ಲಾಭ 54,000ಕ್ಕೆ ಇಳಿಯುತ್ತದೆ. ಅದನ್ನು 1.4ರಿಂದ ಭಾಗಿಸಿ: ಹಳೆಯ ಹಣದಲ್ಲಿ ಸುಮಾರು 38,600. ಮೂರು ಪಟ್ಟಾಗಿದ್ದ ಲಾಭದ ಏರಿಕೆ ಶೇ 29ರ ಹತ್ತಿರಕ್ಕೆ ಬಂತು. ಹಣದುಬ್ಬರ ಶೇ 50 ಮುಟ್ಟಿದರೆ ಈ ಏರಿಕೆಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಈ ಲೆಕ್ಕವನ್ನು ಆರು ತಿಂಗಳಿಗೆ, ಹನ್ನೆರಡು ತಿಂಗಳಿಗೆ ಮತ್ತೆ ಹಾಕಲೇಬೇಕು.

ಹಂತ 4: ತೆರಿಗೆ ಕಳೆಯಿರಿ. 1966ರ ಜೂನ್‌ನಲ್ಲಿ ಭಾರತ ಡಾಲರಿನ ದರವನ್ನು 4.76 ರೂಪಾಯಿಯಿಂದ 7.50ಕ್ಕೆ ಏರಿಸಿದಾಗ, ಚಹಾ, ಸೆಣಬಿನಂಥ ಸರಕುಗಳ ಮೇಲೆ ರಫ್ತು ಸುಂಕ ಹಾಕಿತು, ಹಲವು ರಫ್ತು ಸಹಾಯಧನಗಳನ್ನೂ ಹಿಂತೆಗೆದುಕೊಂಡಿತು. ಘೋಷಿತ ಅಪಮೌಲ್ಯಕ್ಕೂ ರಫ್ತುದಾರನಿಗೆ ದಕ್ಕಿದ್ದಕ್ಕೂ ಅಂತರ ಬಿತ್ತು, ಬರಗಾಲವೂ ಜತೆಗೂಡಿತ್ತು.

ಹಂತ 5: ಬೆಳೆಗಾರನ ಬೆಲೆ ನೋಡಿ. ಬಂದರಿನ ಬೆಲೆಯನ್ನೇ ರೈತನ ಬೆಲೆ ಎಂದು ಹಿಡಿಯಬೇಡಿ. ರೈತರಿಂದ ಬೆಳೆ ಕೊಂಡು ಮಾರುವ ಮಾರಾಟ ಮಂಡಳಿ ಹಂಗಾಮಿನ ಆರಂಭದಲ್ಲೇ ಖರೀದಿ ದರ ಕಟ್ಟಿಹಾಕಿದ್ದರೆ ಏರಿದ ಹಣ ಮಂಡಳಿಯಲ್ಲೇ ಉಳಿಯುತ್ತದೆ; ಗೊಬ್ಬರದ ಹೊಸ ಬೆಲೆ ಮಾತ್ರ ರೈತನ ತಲೆಗೆ. ಖರೀದಿ ದರ ಏರಿಸದ ಅಪಮೌಲ್ಯ ಬೆಳೆಗಾರನಿಗೆ ಮಾಡುವ ಅನ್ಯಾಯ.

ಹಂತ 6: ಗಿಡಕ್ಕೆ ಸಮಯ ಕೊಡಿ. ವಾರ್ಷಿಕ ಬೆಳೆಯ ವಿಸ್ತೀರ್ಣ ಮುಂದಿನ ಬಿತ್ತನೆಯಲ್ಲಿ ಬದಲಾದೀತು. ಹೊಸ ಕಾಫಿ ಗಿಡ ಫಸಲಿಗೆ ಬರಲು ಮೂರು-ನಾಲ್ಕು ವರ್ಷ ಬೇಕು.

ಫಲಿತಾಂಶವನ್ನು ಟನ್ ಮತ್ತು ಡಾಲರ್ ಎರಡರಲ್ಲೂ ಅಳೆಯಿರಿ. ಸ್ಥಳೀಯ ನಾಣ್ಯದಲ್ಲಿ ಬರೆದ ‘ದಾಖಲೆ ರಫ್ತು’ ನಕ್ಷೆಗಳನ್ನು ಪಕ್ಕಕ್ಕಿಡಿ. ಒಂದು ಕಾಳೂ ಹೆಚ್ಚು ಹೋಗದಿದ್ದರೂ ಅವು ಏರುತ್ತವೆ. ಟನ್ ದಿಢೀರನೆ ಏರಿದರೆ ನೆರೆದೇಶದ ಅಂಕಿಯನ್ನೂ ತೆಗೆದು ನೋಡಿ: ಅಲ್ಲಿ ಅಷ್ಟೇ ಇಳಿದಿದ್ದರೆ, ಗಡಿ ದಾಟಿ ಕಳ್ಳಸಾಗಣೆಯಾಗುತ್ತಿದ್ದ ಮಾಲು ಅಧಿಕೃತ ಬಂದರಿಗೆ ಮರಳಿರುವ ಸಾಧ್ಯತೆಯೇ ಹೆಚ್ಚು.